ನೀರಗಂಟಿಗೆ ಬರೆದುಕೊಟ್ಟ ಸಿಕ್ ಲೀವು

ಕಂಪೌಂಡರ್ ಎಂಬ ಮಾತೇ ಈಗ ಸತ್ತುಹೋಗಿದೆ. ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಕೆಲಸಕ್ಕೆ ಸೇರಿದೆನೆಂದು ಹೇಳಿಹೋಗಲು ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತ, ನಿಮ್ಮ ಕಾಲದಲ್ಲಿ ಕೆಲಸ ಸುಲಭ ಇತ್ತೇನೋ ಅಲ್ವಾ ಸಾರ್, ಇದ್ದದ್ದೇ ನಾಲ್ಕೈದು ಔಷಧಿಯಂತೆ ಅಂದಳು. ಮೂಗಿನ ತುದಿಗೆ ಸಿಟ್ಟು ಬಂತು. ಮನೆಗೆ ಬಂದವರನ್ನು ಬೈಯಬಾರದು ಎಂದು ಸುಮ್ಮನಾದೆ. ಅವಳು ಹೋದ ಮೇಲೆ ಯೋಚಿಸಿದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಔಷಧಿ ನಾಲ್ಕೈದೇ ಇದ್ದವು. ಕಷ್ಟ ಬೇರೆ ಕಡೆ ಇತ್ತು. ಅದನ್ನು ಅವಳಿಗೆ ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೇ ಈಗ ಬರೆಯಲು ಕೂತೆ. ಯಾವ ವರ್ಷ ಯಾವ ಗ್ರೇಡು ಬಂತು, ಬೀಳ್ಕೊಡುಗೆಯಲ್ಲಿ ಎಷ್ಟು ಹಾರ ಬಿತ್ತು ಅನ್ನುವುದೆಲ್ಲ ಇದರಲ್ಲಿ ಸಿಗುವುದಿಲ್ಲ, ಅದು ಬೇಕಾದವರು ಬೇರೆಯವರ ಪುಸ್ತಕ ಓದಿಕೊಳ್ಳಲಿ.

ನಾನು ಕೆಲಸ ಕಲಿತದ್ದು ಶಿಕಾರಿಪುರದಲ್ಲಿ. ಸಾವಿರದ ಒಂಬೈನೂರ ಐವತ್ತರ ದಶಕದ ಕೊನೆಯ ವರ್ಷಗಳು, ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಲ್ಲಿ ಶೇಷಪ್ಪನವರು ಅಂತ ಹಿರಿಯ ಕಂಪೌಂಡರು. ಬೆಳಿಗ್ಗೆ ಬಂದವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಪಿಂಗಾಣಿ ಕಲ್ಬತ್ತಿನಲ್ಲಿ ಪುಡಿ ಅರೆಯಲು ಕೂತರೆ ಮಧ್ಯಾಹ್ನದವರೆಗೆ ತಲೆ ಎತ್ತುತ್ತಿರಲಿಲ್ಲ. ಆಗ ಔಷಧಿ ಎಂದರೆ ಮಿಕ್ಸ್ಚರು. ರೋಗಿಗಳು ಮನೆಯಿಂದ ಬಾಟಲಿ ತರಬೇಕು. ಸೀಮೆಎಣ್ಣೆ ಬಾಟಲಿ ತಂದವರನ್ನು ಶೇಷಪ್ಪನವರು ತೊಳೆದುಕೊಂಡು ಬಾ ಎಂದು ಹೊಂಡದ ಕಡೆ ಅಟ್ಟುತ್ತಿದ್ದರು. ಬಾಟಲಿಗೆ ಕಾಗದದ ಪಟ್ಟಿಯೊಂದನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಮೈದಾ ಅಂಟಿನಲ್ಲಿ ಹಚ್ಚಬೇಕು, ಒಂದು ಹಲ್ಲು ಇಳಿಯುವಷ್ಟು ಕುಡಿದರೆ ಒಂದು ಹೊತ್ತಿನ ಔಷಧಿ. ಆ ಪಟ್ಟಿ ಕತ್ತರಿಸುವುದೇ ನನ್ನ ಮೊದಲ ಆರು ತಿಂಗಳ ವಿದ್ಯೆ. ಈಗಲೂ ಕೈಗೆ ಕತ್ತರಿ, ಕಾಗದ ಸಿಕ್ಕಿದರೆ ಬೆರಳು ತಾನೇ ಹಲ್ಲು ಕತ್ತರಿಸುತ್ತದೆ. ಮೊಮ್ಮಗಳು ನಗುತ್ತಾಳೆ.

ಶೇಷಪ್ಪನವರು ಬಾಯಿ ಬಿಟ್ಟು ಕಲಿಸಿದ್ದು ಒಂದೇ ಪಾಠ. ನಾನು ಬಂದವರನ್ನು ಏನಾಗಿದೆ, ಎಲ್ಲಿ ನೋವು ಎಂದು ಕೇಳುತ್ತಿದ್ದೆ. ಒಂದು ದಿನ ಕನ್ನಡಕದ ಮೇಲಿಂದ ನೋಡಿ, "ತಮ್ಮಾ, ಮೊದ್ಲು ಕಸುಬು ಕೇಳಪಾ. ಕಸುಬು ಹೇಳಿದ್ರ ಅರ್ಧ ರೋಗ ಹೇಳಿದಂಗ" ಅಂದರು. ಹೌದೇ ಹೌದು. ಅಕ್ಕಿ ಗಿರಣಿಯವರಿಗೆ ಕೆಮ್ಮು, ಬಸ್ಸಿನ ಡ್ರೈವರಿಗೆ ಮೂಲವ್ಯಾಧಿ, ಕೊಡ ಹೊತ್ತು ಮಾರುವ ಕುಂಬಾರಗಿತ್ತಿಗೆ ಕತ್ತು, ನಾಟಿ ಮಾಡುವ ಹೆಂಗಸರಿಗೆ ಸೊಂಟ, ಮೇಷ್ಟರಿಗೆ ಗಂಟಲು. ಕಸುಬು ಕೇಳಿದ ಕೂಡಲೇ ನನ್ನ ಕೈ ತಾನಾಗಿ ಜಾಡಿಯ ಕಡೆ ಹೋಗುವಷ್ಟು ಅಭ್ಯಾಸವಾಯಿತು.

ಆಮೇಲೆ ಗೊತ್ತಾದದ್ದೇನೆಂದರೆ ರಜೆಯೂ ಕಸುಬಿನ ಮೇಲೇ ಹೋಗುತ್ತದೆ. ಸರ್ಕಾರಿ ನೌಕರರಿಗೆ ಡಾಕ್ಟರ ಸರ್ಟಿಫಿಕೇಟು ಕೊಟ್ಟರೆ ಸಿಕ್ ಲೀವು. ಡಾಕ್ಟರು ಹೇಳುವರು, ಅಕ್ಷರ ದುಂಡಗಿದೆಯೆಂದು ನಾನು ಬರೆಯುವೆ, ಅವರು ಸಹಿ ಮಾಡುವರು. ಇನ್ಸ್‌ಪೆಕ್ಟರು ಶಾಲೆಗೆ ಬರುವ ಸುದ್ದಿ ಹಬ್ಬಿತೆಂದರೆ ಮೂರು ಜನ ಮೇಷ್ಟರಿಗೆ ಒಟ್ಟಿಗೆ ಹೊಟ್ಟೆನೋವು. ಪೊಲೀಸ್ ಕಾನ್‌ಸ್ಟೇಬಲ್ಲುಗಳಿಗೆ ಗಸ್ತಿನ ಹಿಂದಿನ ದಿನ ಮೊಣಕಾಲು ಹಿಡಿಯುವುದು. ಅಂಥ ಒಬ್ಬ ಕಾನ್‌ಸ್ಟೇಬಲ್ಲಿಗೆ ನಾನು ಕಾಲಿಗೆ ಉಜ್ಜಿಕೊಳ್ಳಲು ಕೊಟ್ಟ ಎಣ್ಣೆಮದ್ದಿನ ಬಾಟಲಿಗೆ ಅಭ್ಯಾಸಬಲದಿಂದ ಹಲ್ಲಿನ ಪಟ್ಟಿ ಅಂಟಿಸಿಬಿಟ್ಟೆ. ಪುಣ್ಯಾತ್ಮ ಹಲ್ಲು ನೋಡಿ ಒಂದು ಹೊತ್ತಿನದು ಕುಡಿದೇಬಿಟ್ಟ. ನಾಲ್ಕು ದಿನ ವಾಂತಿ. ಬದುಕಿದ, ದೇವರು ದೊಡ್ಡವನು. ಅವನ ಸರ್ವಿಸಿನಲ್ಲಿ ಅದೊಂದೇ ನಿಜವಾದ ಸಿಕ್ ಲೀವು ಎಂದು ಠಾಣೆಯವರೆಲ್ಲ ನಕ್ಕರಂತೆ. ಶೇಷಪ್ಪನವರು ನಗಲಿಲ್ಲ. ಒಂದು ವಾರ ನನ್ನ ಕೈಗೆ ಬಾಟಲಿ ಕೊಡಲಿಲ್ಲ, ನೆಲ ಒರೆಸಲು ಹಚ್ಚಿದರು.

ಅಲ್ಲಿಂದ ನನ್ನನ್ನು ಸೊರಬ ತಾಲ್ಲೂಕಿನ ಒಂದು ಸಣ್ಣ ಡಿಸ್ಪೆನ್ಸರಿಗೆ ಹಾಕಿದರು. ಊರ ಹೆಸರು ಬರೆಯುವುದಿಲ್ಲ. ಆನವಟ್ಟಿಯ ಬಸ್ಸಿಳಿದು ಇನ್ನಷ್ಟು ದೂರ ಹೋಗಬೇಕು ಎಂದಿಟ್ಟುಕೊಳ್ಳಿ, ಸಾಕು. ಎರಡು ಕೋಣೆ, ಒಂದು ಜಗಲಿ, ಒಬ್ಬ ಡಾಕ್ಟರು, ಒಬ್ಬ ನಾನು. ಡಾಕ್ಟರು ಮೈಸೂರು ಕಡೆಯವರು, ಇಸ್ತ್ರಿ ಮಾಡಿದ ಪ್ಯಾಂಟು, ಮಳೆಗಾಲದಲ್ಲೂ ಪಾಲಿಶ್ ಮಾಡಿದ ಬೂಟು. ಕೋಪ ಬಂದರೆ ಕೂಗುತ್ತಿರಲಿಲ್ಲ, ಮೆಲ್ಲಗೆ ಮಾತಾಡುತ್ತಿದ್ದರು, ಅದೇ ಹೆಚ್ಚು ಹೆದರಿಕೆ. ಆದರೆ ಮದ್ದಿಲ್ಲವೆಂದು ಯಾರನ್ನೂ ವಾಪಸು ಕಳಿಸಿದವರಲ್ಲ. ನಾನೊಂದು ಹಳೇ ಸೈಕಲ್ಲು ಕೊಂಡೆ. ಸಂಜೆ ಕೆರೆ ಏರಿಗಳ ಮೇಲೆ ಸುಮ್ಮನೆ ತುಳಿಯುವುದು, ಗುಡವಿಯತ್ತ ಹೋಗುವ ಬೆಳ್ಳಕ್ಕಿಗಳು ತಲೆಯ ಮೇಲೆ ಸಾಲುಸಾಲು. ಅಷ್ಟು ಸುಖವಾಗಿ ಆಮೇಲೆ ಎಲ್ಲಿಯೂ ಕೆಲಸ ಮಾಡಿದ ನೆನಪಿಲ್ಲ, ಕಾರು ಕೊಂಡ ಮೇಲೂ.

ಅಲ್ಲಿಗೆ ಬರುತ್ತಿದ್ದವರಲ್ಲಿ ಸಂಬಳದವರು ಕಡಿಮೆ, ರಟ್ಟೆ ನಂಬಿದವರೇ ಹೆಚ್ಚು. ಅವರ ಮಾತೇ ಬೇರೆ. ಎಷ್ಟು ದಿನ ರೆಸ್ಟು ಬೇಕು ಎಂದು ಅವರು ಕೇಳುತ್ತಿರಲಿಲ್ಲ, ನಾಳೆ ಹೋಗ್ಬೌದಾ ಎನ್ನುತ್ತಿದ್ದರು. ರಸ್ತೆಗೆ ಜಲ್ಲಿ ಒಡೆಯುವ ಹೆಂಗಸೊಬ್ಬಳು ಬೆರಳು ಜಜ್ಜಿಕೊಂಡು ಬಂದಳು. ಪಟ್ಟಿ ಕಟ್ಟುವಾಗ, ಇನ್ನೊಂದ್ ಸ್ವಲ್ಪ ಸಣ್ಣಗೆ ಕಟ್ರಿ, ಸುತ್ತಿಗೆ ಹಿಡಿಯಕಾಗಲ್ಲ ಎಂದಳು. ಸರ್ಟಿಫಿಕೇಟು ಬರೆದು ಬರೆದು ಪಳಗಿದ್ದ ನನಗೆ ಇದು ಅನ್ಯಾಯ ಅನಿಸತೊಡಗಿತು. ಹೊಟ್ಟೆನೋವೇ ಇಲ್ಲದ ಮೇಷ್ಟರಿಗೆ ಹತ್ತು ದಿನ ಬರೆಯುತ್ತೇವೆ, ಇವಳಿಗೆ ಒಂದು ದಿನವೂ ಇಲ್ಲ. ವಯಸ್ಸು ಇಪ್ಪತ್ತೆರಡು. ಅನ್ಯಾಯ ಕಂಡರೆ ಸರಿಮಾಡಿಯೇ ತೀರಬೇಕು ಎನ್ನುವ ವಯಸ್ಸು.

ಆಗಲೇ ಗುತ್ಯಪ್ಪ ಬಂದದ್ದು. ನಾಲ್ಕು ಮೈಲಿ ಆಚೆಯ ಹಳ್ಳಿಯ ನೀರಗಂಟಿ. ಈಗಿನವರಿಗೆ ನೀರಗಂಟಿ ಎಂದರೆ ತಿಳಿಯಲಿಕ್ಕಿಲ್ಲ. ಊರ ಕೆರೆಯ ತೂಬು ತೆಗೆದು ಮುಚ್ಚುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವವನು. ತಲೆತಲಾಂತರದಿಂದ ಒಂದೇ ಮನೆತನಕ್ಕೆ ಬಂದ ಕೆಲಸ. ಅದಕ್ಕೆಂದು ಊರಿನವರು ಬಿಟ್ಟುಕೊಟ್ಟ ಒಂದು ತುಂಡು ಉಂಬಳಿ ಗದ್ದೆ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದಿಷ್ಟು ಬತ್ತ. ಕೆಲಸ ಹೋದರೆ ಗದ್ದೆಯೂ ಹೋಯಿತು. ಗುತ್ಯಪ್ಪನಿಗೆ ನಲವತ್ತೈದರ ಮೇಲೆ, ಒಣಕಲು ಮೈ, ನಗುಮುಖ. ಹೆಂಡತಿ ಹೂವಮ್ಮನ ಹೆಗಲು ಹಿಡಿದುಕೊಂಡು ಕುಂಟುತ್ತ ಬಂದ. ಬಲಗಾಲನ್ನು ಸ್ಟೂಲಿನ ಮೇಲೆ ಇಡಿಸಿ ನೋಡಿದೆ. ನೀರಲ್ಲೇ ಇರುವವರಿಗೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು ಮಾಮೂಲು. ಇವನದು ಬೆರಳು ದಾಟಿ ಪಾದದ ಮೇಲಕ್ಕೆ ಹತ್ತಿ, ಕಾಲು ಹರಡಿನವರೆಗೆ ಬಾತು, ಮೈ ಕೆಂಡದಂತೆ ಸುಡುತ್ತಿತ್ತು.

ಡಾಕ್ಟರು ಸಿಡುಬಿಗೆ ದೇವಿ ಹಾಕುವ ಕ್ಯಾಂಪಿಗೆ ಹೋಗಿದ್ದರು, ವಾರದವರೆಗೆ ಬರುವಂತಿರಲಿಲ್ಲ. ತುರ್ತಿಗಿರಲಿ ಎಂದು ಸಹಿ ಮಾಡಿದ ಖಾಲಿ ಕಾಗದ ಎರಡನ್ನು ನನ್ನ ಡ್ರಾಯರಿನಲ್ಲಿ ಇಟ್ಟು ಹೋಗಿದ್ದರು. ನಾನು ಹುಣ್ಣು ತೊಳೆದೆ, ಸಲ್ಫಾ ಪುಡಿ ಹಾಕಿ ಕಟ್ಟಿದೆ, ಪೆನ್ಸಿಲಿನ್ ಸೂಜಿ ಕೊಟ್ಟೆ. ಒಂದು ತಿಂಗಳು ನೀರಿಗಿಳಿಯಕೂಡದು, ಇಳಿದರೆ ಪಾದವೇ ಹೋಗುತ್ತದೆ ಎಂದು ಹೆದರಿಸಿದೆ. ಗುತ್ಯಪ್ಪ ಹೆಂಡತಿಯ ಮುಖ ನೋಡಿದ. ಹೂವಮ್ಮ, ಅದು ನಾವು ನೋಡ್ಕಂತೀವಿ ಬಿಡ್ರಿ, ಮದ್ದು ಕೊಡ್ರಿ ಎಂದಳು. ಬತ್ತ ಹೊಡೆ ಒಡೆದು ತೆನೆ ಬರುವ ಸಮಯ, ಮಳೆ ನಿಂತಿದೆ, ಕೆರೆ ನೀರೇ ಗತಿ. ಇವನು ಮನೆಯಲ್ಲಿ ಕೂರುವ ಪೈಕಿಯಲ್ಲ, ನಾಳೆಯೇ ತೂಬಿಗೆ ಇಳಿಯುತ್ತಾನೆ ಎಂದು ನಾನು ಎಣಿಸಿದೆ. ಡ್ರಾಯರು ತೆಗೆದು ಸಹಿಯಿದ್ದ ಒಂದು ಕಾಗದ ಎಳೆದೆ. ಗುಮಾಸ್ತರಿಗೆ, ಮೇಷ್ಟರಿಗೆ ಬರೆಯುವ ಹಾಗೆಯೇ ಚೊಕ್ಕವಾಗಿ ಬರೆದೆ: ಇಂಥ ಊರಿನ ನೀರಗಂಟಿ ಗುತ್ಯಪ್ಪ ಕಾಲಿನ ಕಾಯಿಲೆಯಿಂದ ನರಳುತ್ತಿದ್ದು ತನ್ನ ಕೆಲಸ ಮಾಡಲು ಅಶಕ್ತನಾಗಿದ್ದಾನೆ, ಒಂದು ತಿಂಗಳ ವಿಶ್ರಾಂತಿ ಅಗತ್ಯ. ಬರೆಯುವಾಗ ನನಗಾದ ಹೆಮ್ಮೆ ಈಗ ನೆನೆದರೆ ನಾಚಿಕೆ. ನೀರಗಂಟಿಗೆ ಸಿಕ್ ಲೀವು ಕೊಡಿಸಿದ ಮೊದಲ ಕಂಪೌಂಡರ್ ನಾನೇ ಎಂದುಕೊಂಡೆ.

ಪಟೇಲರಿಗೆ ಕೊಡಿ ಎಂದು ಚಾಚಿದರೆ ಗುತ್ಯಪ್ಪ ಕೈಯನ್ನೇ ನೀಡಲಿಲ್ಲ. ಬ್ಯಾಡ್ರಿ ಕಂಪೌಂಡ್ರೇ, ಅದೆಲ್ಲ ಬ್ಯಾಡ ಅಂದ. ಅಷ್ಟಕ್ಕೇ ಬಿಡಬೇಕಿತ್ತು. ನಾನು ಬಿಡಲಿಲ್ಲ. ಅದೇ ಮಧ್ಯಾಹ್ನ ಆ ಊರಿನ ಶಾನುಭೋಗರು ನಮ್ಮಲ್ಲಿಗೆ ಬಂದರು. ಊರ ಲೆಕ್ಕ ಬರೆಯುವವರು, ತಾಲ್ಲೂಕಿನ ಅಮಲ್ದಾರರು ಬಂದು ಆ ಲೆಕ್ಕ ತಪಾಸಣೆ ಮಾಡುವ ಜಮಾಬಂದಿ ಹತ್ತಿರ ಬಂದಿತ್ತು. ಜಗಲಿಯಲ್ಲಿ ಸುತ್ತ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಮಗೆ ಮುಂದಿನ ಸೋಮವಾರದಿಂದ ಭೇದಿ ಎಂದು ಒಂದು ಸರ್ಟಿಫಿಕೇಟು ಬೇಕು ಅಂದರು. ಇವತ್ತಿನಿಂದಲೇ ಆದರೆ ಜಮಾಬಂದಿಯ ಹೊತ್ತಿಗೆ ಗುಣವಾಗಿಬಿಡುತ್ತದಂತೆ. ಡಾಕ್ಟರು ಬರಲಿ ಎಂದು ನಗು ತಡೆದುಕೊಂಡು ಹೇಳಿದೆ. ಹೊರಟವರ ಕೈಗೆ ಗುತ್ಯಪ್ಪನ ಕಾಗದವನ್ನು ಲಕೋಟೆಯಲ್ಲಿ ಹಾಕಿ, ಇದನ್ನು ಪಟೇಲರಿಗೆ ಮುಟ್ಟಿಸಿ ಸ್ವಾಮಿ ಎಂದು ಕೊಟ್ಟೆ.

ಐದನೆಯ ದಿನ ಹೂವಮ್ಮ ಒಬ್ಬಳೇ ನಡೆದು ಬಂದಳು. ಮದ್ದಿಗೆ ಬಂದಳೆಂದು ನಾನು ಹತ್ತಿ, ಬಟ್ಟೆ ಎಲ್ಲ ತೆಗೆದಿಟ್ಟೆ. ಅವಳು ಬಾಗಿಲ ಹೊರಗೇ ನಿಂತಳು.

"ಕಂಪೌಂಡ್ರೇ, ನಾವು ಔಷಧಿ ಕೇಳಿದ್ವಿ, ಕೊಟ್ರಿ. ಕಾಗದ ಯಾರು ಕೇಳಿದ್ರು ನಿಮ್ಮನ್ನ?"

ಏನಾಯಿತೆಂದು ಕೇಳಿದೆ. ಅವಳು ಹೇಳಿದ್ದನ್ನು ನಾನೇ ಕೂಡಿಸಿ ಹೇಳುತ್ತೇನೆ, ಅವಳು ಅಳುತ್ತ, ಬೈಯುತ್ತ ಹೇಳಿದ್ದು.

ಆ ಊರಲ್ಲಿ ನೀರಗಂಟಿಯ ಮನೆಯಲ್ಲಿ ಒಂದು ಕೆರೆಗುದ್ದಲಿ ಇರುತ್ತದೆ. ಊರಿನವರು ಮಾಡಿಸಿಕೊಟ್ಟದ್ದು, ಗದ್ದೆಯ ಬಾಯಿ ಕಡಿಯಲು, ಕಟ್ಟಲು. ಬೆಳಿಗ್ಗೆ ಅದನ್ನು ಹೆಗಲಿಗಿಟ್ಟು ಏರಿ ಹತ್ತಿದವರು ಯಾರೇ ಆಗಲಿ, ಆ ದಿನ ಅವರೇ ನೀರಗಂಟಿ. ಗುತ್ಯಪ್ಪನ ಅಪ್ಪ ಚಳಿಜ್ವರದಲ್ಲಿ ಮಲಗಿದಾಗ ಅವ್ವ ಹೋಗಿದ್ದಳು. ಅವ್ವ ಸತ್ತ ಮೇಲೆ ಹೂವಮ್ಮ ಎಷ್ಟೋ ಸಲ ಹೋಗಿದ್ದಳು. ಯಾರೂ ಗುತ್ಯಪ್ಪ ಎಲ್ಲಿ ಎಂದು ಕೇಳುವುದಿಲ್ಲ, ನೀರಗಂಟಿ ಬಂದ ಎನ್ನುತ್ತಾರೆ, ತಮ್ಮ ಗದ್ದೆಗೆ ನೀರು ಕೇಳುತ್ತಾರೆ. ತೆನೆ ಬರುವ ಕಾಲಕ್ಕೆ ನೀರಗಂಟಿ ಮಲಗಿದ ಎಂದು ಬಾಯಲ್ಲಿ ಆಡುವುದೇ ಅಪಶಕುನ. ಆಡಿದರೆ ಊರು ಇನ್ನೊಬ್ಬನನ್ನು ಹುಡುಕಲೇಬೇಕು. ಅದಕ್ಕೇ ಎಲ್ಲರಿಗೂ ಗೊತ್ತಿದ್ದರೂ ಯಾರೂ ಆಡುವುದಿಲ್ಲ. ಈ ಸಲವೂ ಹಾಗೇ ಎಂದು ಗಂಡ ಹೆಂಡತಿ ಮನೆಯಲ್ಲೇ ಮಾತಾಡಿಕೊಂಡಿದ್ದರು. ಮರುದಿನ ಬೆಳಿಗ್ಗೆಯಿಂದ ಹೂವಮ್ಮ ಗುದ್ದಲಿ ಹೊತ್ತಿದ್ದಳು.

ಅಂದೇ ನನ್ನ ಲಕೋಟೆ ಚಾವಡಿಗೆ ಬಂತು. ಶಾನುಭೋಗರು ಕೆಟ್ಟವರಲ್ಲ, ಕಾಗದ ಬಂದರೆ ಹತ್ತು ಜನರೆದುರು ಓದುವುದು ಅವರ ಕಸುಬು, ಓದಿದರು. ಗುತ್ಯಪ್ಪನ ದಾಯಾದಿ ಕೆರಿಯಪ್ಪ ಅಲ್ಲೇ ಕೂತಿದ್ದ. ಅವನ ಮನೆಯಲ್ಲಿ ಆರು ಮಕ್ಕಳು, ಗೇಣು ಭೂಮಿ ಇಲ್ಲ. ಸರ್ಕಾರದ ದವಾಖಾನೆಯೇ ಅಶಕ್ತ ಎಂದು ಬರೆದ ಮೇಲೆ ಇನ್ನೇನು ಅಂದ. ಪಟೇಲರು, ಬರೆದು ಬಂದ ಮೇಲೆ ಕಣ್ಣು ಮುಚ್ಚಿಕೊಳ್ಳಲಿಕ್ಕಾಗುವುದಿಲ್ಲ ಎಂದು ಗುದ್ದಲಿಯನ್ನು ಕೆರಿಯಪ್ಪನಿಗೆ ಕೊಡಿಸಿದರು. ಹುಷಾರಾಗುವವರೆಗೆ ಎಂದು ಹೇಳಿದ್ದೇನೋ ನಿಜ. ಆದರೆ ಸೋಮವಾರ ಜಮಾಬಂದಿ. ನೀರಗಂಟಿ ಯಾರು ಎಂದು ಅಮಲ್ದಾರರು ಕೇಳಿದಾಗ ಯಾರ ಹೆಸರು ಹೇಳುತ್ತಾರೋ ಉಂಬಳಿ ಅವರ ಹೆಸರಿಗೆ. ಆಮೇಲೆ ಕಾಲು ವಾಸಿಯಾದರೇನು, ಬಿಟ್ಟರೇನು.

"ಮನೇಲಿ ಅವ್ರು ಅಟ್ಟದ ಕಡೆ ಮುಖ ಮಾಡಿ ಮಲಗಿದಾರೆ. ನಾಳೆ ನೀರಿಗಿಳಿದು ತೋರಿಸ್ತೀನಿ, ಕಾಲು ಹೋದ್ರೆ ಹೋಗ್ಲಿ ಅಂತಾರೆ. ಏನ್ ಮಾಡಾಣ, ನೀವೇ ಹೇಳ್ರಿ" ಎಂದಳು ಹೂವಮ್ಮ.

ಮೇಷ್ಟರಿಗೆ ಅದೇ ಕಾಗದ ಕೊಟ್ಟರೆ ಹತ್ತು ದಿನ ಮನೆಯಲ್ಲಿ ಮಲಗಿ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ, ಕುರ್ಚಿ ಅವರಿಗಾಗಿ ಕಾಯುತ್ತದೆ. ತೂಬು ಕಾಯುವುದಿಲ್ಲ. ಎಲ್ಲ ಕಸುಬಿನ ರೋಗ ಗೊತ್ತು ಎಂದು ಬೀಗುತ್ತಿದ್ದ ನನಗೆ ಇಷ್ಟು ತಿಳಿಯಲಿಲ್ಲ. ಈ ಜನ ತಮಗೆ ತಾವೇ ಮಾಡಿಕೊಂಡಿದ್ದ ರಜೆಯನ್ನು ನಾನು ಹೋಗಿ ಕೆಡಿಸಿದ್ದೆ. ಅಂದು ರಾತ್ರಿ ಡ್ರಾಯರು ತೆಗೆದೆ. ಇನ್ನೊಂದು ಸಹಿ ಕಾಗದವಿತ್ತು. ಗುಣವಾಗಿದ್ದಾನೆ, ಕೆಲಸ ಮಾಡಬಹುದು ಎಂದು ಬರೆದರೆ ಪಟೇಲರು ಇಳಿ ನೀರಿಗೆ ಎನ್ನುವರು, ಅವನು ಇಳಿಯುವನು, ಪಾದ ಹೋಗುವುದು. ಬರೆಯದಿದ್ದರೆ ಗದ್ದೆ ಹೋಗುವುದು. ಆ ಕಾಗದವನ್ನು ಮುಟ್ಟಲು ಧೈರ್ಯವಾಗಲಿಲ್ಲ.

ಬೆಳಿಗ್ಗೆ ಡಿಸ್ಪೆನ್ಸರಿಗೆ ಬೀಗ ಹಾಕಿ ಸೈಕಲ್ ಹತ್ತಿದೆ. ಡಾಕ್ಟರಿಲ್ಲದಾಗ ಬೀಗ ಹಾಕುವುದು ದೊಡ್ಡ ತಪ್ಪು, ನಾನಿನ್ನೂ ಖಾಯಂ ಆದವನಲ್ಲ. ಚಾವಡಿಯಲ್ಲಿ ಪಟೇಲರು, ಶಾನುಭೋಗರು, ಏಳೆಂಟು ರೈತರು ಜಮಾಬಂದಿಗೆ ಏನೇನು ಅಣಿ ಮಾಡಬೇಕೆಂದು ಮಾತಾಡುತ್ತಿದ್ದರು. ಕೆರಿಯಪ್ಪ ಕಂಬಕ್ಕೆ ಒರಗಿ ನಿಂತಿದ್ದ, ಗುದ್ದಲಿ ಅವನ ಹೆಗಲ ಮೇಲೆ. ಹೂವಮ್ಮ ಗೋಡೆಯ ಹೊರಗೆ. ಬನ್ನಿ ಕಂಪೌಂಡ್ರೇ ಎಂದು ಪಟೇಲರು ಮಣೆ ಹಾಕಿಸಿದರು. ನಾನು ಕೂರಲಿಲ್ಲ, ಕೂತರೆ ಧೈರ್ಯ ಇಳಿದುಹೋದೀತು ಎನಿಸಿತ್ತು. ನಿಂತೇ ಹೇಳಿದೆ: ನಾನು ಕಳಿಸಿದ ಕಾಗದ ತಪ್ಪು, ಬೇರೆಯವರ ಹೆಸರಿಗೆ ಬರೆಯಬೇಕಾದದ್ದನ್ನು ಗುತ್ಯಪ್ಪನ ಹೆಸರಿಗೆ ಬರೆದುಬಿಟ್ಟೆ, ವಾಪಸು ಕೊಡಿ.

ಪಟೇಲರು ನನ್ನನ್ನೇ ನೋಡಿದರು. ಎಂಥ ಕಣ್ಣು ಅವು, ಅರುವತ್ತು ವರ್ಷ ಊರನ್ನು ನೋಡಿದ ಕಣ್ಣು.

"ಹಂಗಾರೆ ಗುತ್ಯಪ್ಪಗೆ ಏನೂ ಆಗಿಲ್ಲ?"

"ಇಲ್ಲ."

"ಕಾಲಿಗೆ?"

"ಏನೂ ಆಗಿಲ್ಲ."

ನನ್ನ ಜೀವಮಾನದಲ್ಲಿ ಅಷ್ಟು ಜನರಿಗೆ ಒಟ್ಟಿಗೆ ಗೊತ್ತಿದ್ದ ಸುಳ್ಳನ್ನು ನಾನು ಮತ್ತೆ ಹೇಳಿಲ್ಲ. ಅಲ್ಲಿದ್ದ ಪ್ರತಿಯೊಬ್ಬನೂ ಗುತ್ಯಪ್ಪ ಕುಂಟುವುದನ್ನು ಕಂಡವನೇ. ಯಾರೂ ಉಸಿರೆತ್ತಲಿಲ್ಲ. ಆದರೆ ಶಾನುಭೋಗರಿಗೆ ಕಾಗದದ ವಿಷಯ, ಬಿಡುವಂತಿಲ್ಲ. ಸರ್ಕಾರಿ ಕಾಗದ ಸುಮ್ಮಸುಮ್ಮನೆ ವಾಪಸು ಹೋಗುವುದಿಲ್ಲ, ಯಾರ ಹೆಸರಿಗೆ ಬರೆಯಬೇಕಿತ್ತು ಎಂದು ಹತ್ತು ಜನರ ಮುಂದೆ ಹೇಳಿ ಎಂದು ಹಟ ಹಿಡಿದರು. ನಾನು ಅದನ್ನು ಯೋಚಿಸಿಕೊಂಡೇ ಬಂದಿರಲಿಲ್ಲ. ತಲೆ ಎತ್ತಿ ಅವರ ಮುಖ ನೋಡಿದೆ, ಬಾಯಿ ತಾನೇ ಆಡಿತು.

"ನಿಮ್ಮ ಹೆಸರಿಗೇ ಶಾನುಭೋಗ್ರೇ. ಸೋಮವಾರದಿಂದ ಬೇಕು ಅಂದಿದ್ರಲ್ಲ."

ಮೂಲೆಯಲ್ಲಿದ್ದ ಮುದುಕರೊಬ್ಬರು ಖೊಕ್ ಎಂದು ನಕ್ಕರು, ಅಷ್ಟೇ ಸಾಕಾಯಿತು, ಎಲ್ಲರೂ ನಕ್ಕರು. ಪಟೇಲರು ಹೊದ್ದ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡರು. ಶಾನುಭೋಗರ ಮುಖ ಕುಂಬಳಕಾಯಿ ಕದ್ದವರ ಹಾಗಾಯಿತು. ಸರಿ ಸರಿ, ತಪ್ಪಾಗೋದು ಸಹಜ, ತಗೊಳ್ಳಿ ನಿಮ್ಮ ಕಾಗದ ಎಂದು ಗಂಟಿನಿಂದ ತೆಗೆದು ನನ್ನ ಕೈಗಿಟ್ಟರು. ಪಾಪ, ಅವರನ್ನು ಹಾಗೆ ನಾಲ್ಕು ಜನರ ಮುಂದೆ ಆಡಿಕೊಳ್ಳಬಾರದಿತ್ತು. ಜಮಾಬಂದಿ ಅವರಿಗೆ ನಿಜವಾಗಿಯೂ ಹೊಟ್ಟೆ ಕದಡುವ ಹೊತ್ತೇ. ಅದೂ ಕಸುಬಿನ ರೋಗವೇ. ಆದರೆ ಆ ಗಳಿಗೆಯಲ್ಲಿ ನನಗೆ ಬೇರೆ ದಾರಿಯೇ ಕಾಣಲಿಲ್ಲ.

ನಗು ನಿಂತ ಮೇಲೆ ಪಟೇಲರು ಕೆರಿಯಪ್ಪನ ಕಡೆ ತಿರುಗಿದರು. ಅವನು ತಾನಾಗಿ ಗುದ್ದಲಿ ಇಳಿಸಿದ. ನಾಲ್ಕು ದಿನ ಸರಿಯಾಗೇ ನೀರು ಬಿಟ್ಟೀನಿ ಗೌಡ್ರೇ ಎಂದು ಮೆಲ್ಲಗೆ ಅಂದ. ಬಿಟ್ಟೀಯ ಮಾರಾಯ, ಇಲ್ಲ ಅಂದೋರ್ಯಾರು ಎಂದರು ಪಟೇಲರು. ಗುದ್ದಲಿಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿದರು. ಹೂವಮ್ಮ ಗೋಡೆಯ ಮರೆಯಿಂದ ಬಂದು ಸೆರಗು ಬಿಗಿದು ಕೈ ಒಡ್ಡಿದಳು. ಗಂಡ ಎಲ್ಲಿ ಎಂದು ಯಾರೂ ಕೇಳಲಿಲ್ಲ.

"ತಗಾ ನೀರಗಂಟಿ. ಮೇಲಿನೋರಿಗೆ ಸಾಕಾಗೈತೆ, ಕೆಳಗಿನ ಗದ್ದೆಗೆ ಬಿಡು ಹೋಗು" ಎಂದರು ಪಟೇಲರು.

ಅವಳು ಗುದ್ದಲಿ ಹೆಗಲಿಗಿಟ್ಟು ಏರಿಯ ಕಡೆ ನಡೆದಳು. ನನಗೆ ಅಳು ಬಂದುಬಿಟ್ಟಿತು. ಸೈಕಲ್ಲಿನ ಚೈನು ಸರಿಮಾಡುವವನಂತೆ ಬಗ್ಗಿ ಕಣ್ಣೊರೆಸಿಕೊಂಡೆ. ಗುತ್ಯಪ್ಪನಿಗೆ ಒಂದು ತಿಂಗಳ ರಜೆ ಸಿಕ್ಕಿತು, ಅವನಿಗೆ ಕಾಯಿಲೆಯೇ ಇಲ್ಲ ಎಂದು ನಾನು ಹೇಳಿದ್ದಕ್ಕೆ.

ಡಾಕ್ಟರು ಕ್ಯಾಂಪಿನಿಂದ ಬಂದ ದಿನವೇ ಎಲ್ಲವನ್ನೂ ಒಪ್ಪಿಸಿದೆ. ಅವರು ಬೂಟಿನ ದಾರ ಬಿಚ್ಚುತ್ತ ಕೇಳಿದರು. ಮೆಲ್ಲಗೆ, ಬಹಳ ಮೆಲ್ಲಗೆ, "ಸಹಿ ನನ್ನದು, ಬುದ್ಧಿಯಾದ್ರೂ ನಿಂದಿರಬೇಕಿತ್ತಲ್ಲಯ್ಯ" ಅಂದರು. ಡ್ರಾಯರಿನಿಂದ ಉಳಿದ ಕಾಗದ ತೆಗೆಸಿ ಹರಿದು ಹಾಕಿದರು. ಆಮೇಲೆ ಅವರು ಯಾವತ್ತೂ ಖಾಲಿ ಕಾಗದಕ್ಕೆ ಸಹಿ ಮಾಡಲಿಲ್ಲ. ಬೀಗ ಹಾಕಿದ್ದಕ್ಕೆ ಮೆಮೊ ಬರುತ್ತದೆಂದು ನಾನು ಕಾದೆ, ಬರಲಿಲ್ಲ. ಕಾಲು ಹೇಗಿದೆ ಎಂದು ಕೇಳಿದರು. ದಿನ ಬಿಟ್ಟು ದಿನ ಸೂಜಿ ಬೇಕು, ಆದರೆ ಅವನು ಇಲ್ಲಿಗೆ ಬಂದರೆ ಊರಿಗೆಲ್ಲ ಕಾಣುತ್ತದೆ, ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕಾಗುತ್ತದೆ ಅಂದೆ. ಅವರು ಬೀರು ತೆಗೆದು ಪೆನ್ಸಿಲಿನ್ ಸೀಸೆಗಳನ್ನು ಮೇಜಿನ ಮೇಲಿಟ್ಟರು.

"ನನ್ನ ಹೆಸರಿಗೆ ಬರಿ" ಎಂದರು.

ಹಾಗೆ ಆ ತಿಂಗಳು ನಮ್ಮ ರಿಜಿಸ್ಟರಿನ ಪ್ರಕಾರ ಕೆಸರುಹುಣ್ಣಿನಿಂದ ನರಳಿದವರು ಬೂಟು ಬಿಚ್ಚಿ ಅಂಗಳಕ್ಕೂ ಇಳಿಯದ ನಮ್ಮ ಡಾಕ್ಟರು. ಅದನ್ನು ಬರೆದವನು ನಾನು. ಆಡಿಟ್ಟಿನವರು ಯಾರೂ ಕೇಳಲಿಲ್ಲ. ಕಿರಿಯರಿಗೆ ಒಂದು ಮಾತು, ನೀವು ಹೀಗೆ ಮಾಡಬೇಡಿ. ಈಗ ಎಲ್ಲ ಕಂಪ್ಯೂಟರಿನಲ್ಲಿದೆಯಂತೆ, ಸಿಕ್ಕಿಬೀಳುತ್ತೀರಿ. ಆದರೆ ಹಾಗೆ ಮಾಡಿದ ಒಬ್ಬ ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡುವ ಭಾಗ್ಯ ನಿಮಗೆ ಸಿಗಲಿ.

ನಾನು ದಿನ ಬಿಟ್ಟು ದಿನ ಸಂಜೆ ಸೈಕಲ್ಲಿನಲ್ಲಿ ಹೋಗಿ ಹಿತ್ತಲ ಬಾಗಿಲಿಂದ ಒಳಗೆ ನುಗ್ಗುತ್ತಿದ್ದೆ. ಜಮಾಬಂದಿಯಲ್ಲಿ ನೀರಗಂಟಿಯೆಂದು ಅವನ ಹೆಸರನ್ನೇ ಹೇಳಿದ್ದರು, ಗುತ್ಯಪ್ಪ ಅಟ್ಟದ ಕಡೆ ಮುಖ ಮಾಡಿ ಮಲಗುವುದನ್ನು ಬಿಟ್ಟಿದ್ದ. ಕಾಲು ನನ್ನ ತೊಡೆಯ ಮೇಲಿಟ್ಟು, ಯಾರ ಗದ್ದೆಗೆ ನೀರು ಹೋಯಿತು, ಯಾರದು ಒಣಗಿತು ಎಂದು ಹೆಂಡತಿಯಿಂದ ಕೇಳಿದ್ದನ್ನೆಲ್ಲ ನನಗೆ ಹೇಳುವನು. ತೂಬಿನ ಬೆಣೆ ಎತ್ತಲು ಹೂವಮ್ಮನ ಕೈಯಲ್ಲಿ ಒಂದೊಂದು ದಿನ ಆಗುತ್ತಿರಲಿಲ್ಲ. ಆಗ ಕೆರಿಯಪ್ಪ ಎಲ್ಲಿಂದಲೋ ಬಂದು ಎತ್ತಿಕೊಟ್ಟು, ಮಾತಾಡದೆ ಹೋಗುತ್ತಿದ್ದನಂತೆ. ಅದನ್ನು ಹೇಳುವಾಗ ಗುತ್ಯಪ್ಪ ಗೋಡೆ ನೋಡುತ್ತಿದ್ದ. ಹುಣ್ಣು ಒಣಗಿತು, ಬಾವು ಇಳಿಯಿತು, ಬೆರಳ ಸಂದಿಯಲ್ಲಿ ಹೊಸ ಚರ್ಮ ಎಳೆಮಗುವಿನ ಕೆನ್ನೆಯಷ್ಟು ತೆಳ್ಳಗೆ ಬಂತು. ಇನ್ನು ನಾಲ್ಕು ದಿನ ತಡಿ ಎಂದು ನಾನು ಅಂದರೆ ತಡೆದ. ನನ್ನ ಮಾತಿಗಿಂತ ಹೂವಮ್ಮನ ಮಾತಿಗೆ ತಡೆದ ಅನ್ನಿ.

ಅವನು ನೀರಿಗಿಳಿಯುವ ದಿನ ನನಗೆ ಹೇಳಿ ಕಳಿಸಿದ್ದರು. ಬೆಳಿಗ್ಗೆ ಬೇಗ ಹೋಗಿ ಏರಿಯ ಕೊನೆಯಲ್ಲಿ ಸೈಕಲ್ ಹಿಡಿದು ನಿಂತೆ. ಹತ್ತಿರ ಹೋಗುವಂತಿಲ್ಲ, ಹೋದರೆ ಕಂಪೌಂಡರಿಗೆ ಇಲ್ಲೇನು ಕೆಲಸ ಎಂಬ ಪ್ರಶ್ನೆ ಹುಟ್ಟುತ್ತದೆ. ಕೆಳಗಿನ ಗದ್ದೆಗಳಲ್ಲಿ ಬತ್ತ ತಲೆಬಾಗಿ ನಿಂತಿತ್ತು. ಗಂಡ ಹೆಂಡತಿ ಇಬ್ಬರೂ ಬಂದರು, ಏರಿಯ ನಡುವೆ ಅವಳು ಗುದ್ದಲಿಯನ್ನು ಅವನ ಹೆಗಲಿಗೆ ದಾಟಿಸಿ ಹಿಂತಿರುಗಿ ಹೋದಳು. ಗದ್ದೆಯಲ್ಲಿದ್ದವರು ತಲೆ ಎತ್ತಿ ನೋಡಿ ತಮ್ಮ ತಮ್ಮ ಕೆಲಸಕ್ಕೆ ಬಗ್ಗಿದರು. ಗುತ್ಯಪ್ಪ ತೂಬಿನ ಬಳಿ ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತ. ಸುತ್ತ ಒಮ್ಮೆ ನೋಡಿದ. ಯಾರೂ ನೋಡುತ್ತಿಲ್ಲವೆಂದು ಗೊತ್ತಾದ ಮೇಲೆ ನನ್ನ ಕಡೆ ತಿರುಗಿ, ತೂಬಿನ ಕಲ್ಲು ಹಿಡಿದುಕೊಂಡು ಬಲಗಾಲನ್ನು ನೀರಿನಿಂದ ಮೇಲಕ್ಕೆತ್ತಿದ. ಐದೂ ಬೆರಳು ಅಗಲಿಸಿ ತೋರಿಸಿದ. ನಾನು ತಲೆಯಾಡಿಸಿದ ಮೇಲೆ ಕಾಲನ್ನು ಮತ್ತೆ ನೀರಿಗಿಟ್ಟ.